ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಚಳಿಯಲ್ಲಿ ಜಿಂಕೆಗೆ ಮರಸು ಕೂರುವವರಿಗೆ

ನವೆಂಬರ್ ಕೊನೆಯ ಹೊತ್ತಿಗೆ ಬರುವ 9 ದಿನಗಳ ಗನ್ ಸೀಸನ್‌ಗೆ (ಬಂದೂಕಿನಿಂದ ಜಿಂಕೆ ಬೇಟೆಗೆ ಅನುಮತಿ ಇರುವ ಅವಧಿ) ಪರಿಚಯದ ರೈತರ ಜಮೀನಿನಲ್ಲಿ ಬ್ಲೈಂಡ್ (ಅಡಗಿ ಕೂರುವ ಬಟ್ಟೆಯ ಗುಡಾರ) ಹಾಕುವವರು ಮೊದಲು ಅವರೊಂದಿಗೆ ಗಡಿ ಸುತ್ತಿ ಬನ್ನಿ. ಮನೆ, ಕೊಟ್ಟಿಗೆ, ರಸ್ತೆ ಇರುವ ದಿಕ್ಕಿನ ಬ್ಲೈಂಡ್ ಕಿಟಕಿಯನ್ನು ಮುಚ್ಚಿಬಿಡಿ. ಆ ಕಡೆ ಗುಂಡು ಹಾರಲೇಬಾರದು.

ಚಳಿ ಹತ್ತುವುದು ಹೆಚ್ಚಾಗಿ ಬೆವರಿನಿಂದ. ಬ್ಲೈಂಡಿಗೆ ನಡೆದು ಹೋಗುವಾಗ ದಪ್ಪ ಜಾಕೆಟ್ ಚೀಲದಲ್ಲಿರಲಿ. ಉಣ್ಣೆ ಒಳಂಗಿ, ಅದರ ಮೇಲೆ ಹೊಳೆಯುವ ಕಿತ್ತಳೆ ವೆಸ್ಟ್ ತೊಟ್ಟು ನಿಧಾನ ನಡೆಯಿರಿ, ಕೂತು ಹತ್ತು ನಿಮಿಷದ ಮೇಲೆ ಜಾಕೆಟ್ ಹಾಕಿ. ಸೊಂಟದ ಮೇಲಿನ ಹೊರ ಉಡುಪಿನ ಅರ್ಧದಷ್ಟಾದರೂ ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಇರಬೇಕೆಂಬುದು ಕಾನೂನು. ಜಾಕೆಟ್ ಮೇಲೂ ವೆಸ್ಟ್ ಬರಬೇಕು. ಒಳಗೆ ಕೂತರೆ ಅದು ಯಾರಿಗೂ ಕಾಣದು, ಹಾಗಾಗಿ ಬ್ಲೈಂಡಿನ ನಾಲ್ಕೂ ಬದಿಗೆ ಕಿತ್ತಳೆ ಬಟ್ಟೆ ಕಟ್ಟಿ. ಎರಡೆರಡು ಕಾಲುಚೀಲ ಬಿಗಿಯಾಗಿ ತುರುಕಿದರೆ ರಕ್ತ ಓಡದೆ ಬೆರಳು ಇನ್ನಷ್ಟು ಮರಗಟ್ಟುತ್ತವೆ. ಒಂದೇ ದಪ್ಪ ಜೊತೆ, ಬೂಟಿನಡಿ ಫೋಮ್ ತುಂಡು ಸಾಕು.

ಪ್ರೊಪೇನ್ ಹೀಟರ್ ವಿಷಯದಲ್ಲಿ ಸಡಿಲ ಬೇಡವೇ ಬೇಡ. ನೆಲದ ತರಗೆಲೆಯನ್ನು ಮಣ್ಣು ಕಾಣುವವರೆಗೆ ಗೋರಿ: ಬೆಂಕಿಯ ಭಯವೂ ಕಡಿಮೆ, ಕಾಲಾಡಿಸಿದರೆ ಸದ್ದೂ ಕಡಿಮೆ. ಹೀಟರ್ ಬಟ್ಟೆಗೋಡೆಗೆ ತಾಗದಿರಲಿ. ಕೆಳಗೊಂದು, ಮೇಲೊಂದು ಸಂದಿ ಸದಾ ತೆರೆದಿರಲಿ, ಬ್ಯಾಟರಿಯ ಕಾರ್ಬನ್ ಮೊನಾಕ್ಸೈಡ್ ಅಲಾರಂ ಜೊತೆಗಿರಲಿ. ತಲೆನೋವು, ತೂಕಡಿಕೆ ಬಂದರೆ ಕೂಡಲೇ ಹೊರಬನ್ನಿ.

ರೈಫಲ್ ಕಿಟಕಿ ಬಳಿಯ ತಂಪಿನಲ್ಲೇ ಇರಲಿ. ತಣ್ಣನೆಯ ಸ್ಕೋಪ್‌ಗೆ (ಗುರಿಯಿಡಲು ರೈಫಲ್ ಮೇಲಿರುವ ದುರ್ಬೀನು) ಬಿಸಿ ಉಸಿರು ತಾಗಿದರೆ ಗಾಜು ಮಂಜಾಗುತ್ತದೆ. ಇನ್ನೊಂದು: ಸ್ಕೋಪ್ ನಳಿಕೆಗಿಂತ ಸುಮಾರು ಒಂದೂವರೆ ಇಂಚು ಮೇಲಿರುತ್ತದೆ. ಸ್ಕೋಪಿನಲ್ಲಿ ಜಿಂಕೆ ಸ್ಪಷ್ಟ ಕಂಡರೂ ನಳಿಕೆಯ ಬಾಯಿ ಕಿಟಕಿಯ ಅಂಚಿಗೆ ಎದುರಾಗಿರಬಹುದು. ಟ್ರಿಗರ್‌ಗೆ ಬೆರಳಿಡುವ ಮೊದಲು ನಳಿಕೆ ಪೂರ್ತಿ ಹೊರಗಿದೆಯೇ ನೋಡಿ.