ರಜೆಯನ್ನು ಪವಿತ್ರ ಗುರುವಾರಕ್ಕೆ ಉಳಿಸಿಕೊಳ್ಳಿ: ಪರದೇಶಕ್ಕೆ ಹೊಸದಾಗಿ ಬಂದ ಕಥೋಲಿಕ ಕನ್ನಡಿಗರಿಗೆ

ಹೊಸದಾಗಿ ಬಂದವರು ಮೊದಲು ಕೇಳುವುದು ಹತ್ತಿರದ ಚರ್ಚ್ ಎಲ್ಲಿದೆ, ಭಾನುವಾರದ ಪೂಜೆ ಎಷ್ಟು ಗಂಟೆಗೆ ಎಂದು. ಅದನ್ನು ಫೋನೇ ಹೇಳುತ್ತದೆ. ಅದು ಹೇಳದ ಮಾತು ಇನ್ನೊಂದಿದೆ. ಹಬ್ಬ ಬಂತೆಂದು ಸುತ್ತಲಿನ ಬೀದಿ ನೆನಪಿಸದ ಕಡೆ ಆರಾಧನಾ ವರ್ಷವನ್ನು ನಾವೇ ಕೈಯಲ್ಲಿ ಹಿಡಿದುಕೊಳ್ಳಬೇಕು. ಇಲ್ಲದಿದ್ದರೆ ಕ್ರಿಸ್ಮಸ್ ಒಂದನ್ನು ಬಿಟ್ಟು ಮಿಕ್ಕದ್ದೆಲ್ಲ ಆಫೀಸಿನ ಕ್ಯಾಲೆಂಡರಿನಲ್ಲಿ ಕರಗಿಹೋಗುತ್ತದೆ.

ಹಾಗಾಗಿ ಮೊದಲು ರಜೆಯ ಲೆಕ್ಕ. ಬಹುತೇಕರು ಇದ್ದಬದ್ದ ರಜೆಯನ್ನೆಲ್ಲ ಡಿಸೆಂಬರಿಗೆ ಸುರಿದುಬಿಡುತ್ತಾರೆ. ನನ್ನ ಸಲಹೆ ಬೇರೆ: ಎರಡೇ ದಿನ ಉಳಿದಿದ್ದರೂ ಪವಿತ್ರ ಗುರುವಾರ, ಶುಭ ಶುಕ್ರವಾರಕ್ಕೆ ಇಟ್ಟುಕೊಳ್ಳಿ. ಕ್ರಿಸ್ಮಸ್‌ಗೆ ಎಷ್ಟೋ ದೇಶಗಳಲ್ಲಿ ಸರ್ಕಾರವೇ ರಜೆ ಕೊಡುತ್ತದೆ. ಶುಭ ಶುಕ್ರವಾರದ ಮಾತು ಹಾಗಲ್ಲ. ರೋಮ್ ನಗರವಿರುವ ಇಟಲಿಯಲ್ಲೇ ಅದು ಸಾರ್ವಜನಿಕ ರಜೆಯಲ್ಲ! ಆ ಎರಡು ದಿನಗಳ ಬೆನ್ನಿಗೇ ಬರುವ ಪಾಸ್ಖ (ಈಸ್ಟರ್) ಭಾನುವಾರ 2027ರಲ್ಲಿ ಮಾರ್ಚ್ 28ಕ್ಕೆ, 2028ರಲ್ಲಿ ಏಪ್ರಿಲ್ 16ಕ್ಕೆ. ಈಗಲೇ ಗುರುತು ಹಾಕಿಕೊಂಡು, ಮ್ಯಾನೇಜರಿಗೆ ಮುಂಚೆಯೇ ತಿಳಿಸಿಬಿಡಿ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಗುರುವಾರ ಸಂಜೆಯಿಂದ ಪಾಸ್ಖ ಭಾನುವಾರದ ಸಂಜೆಯವರೆಗೆ ನಡೆಯುವುದು ಬಿಡಿಬಿಡಿ ಪೂಜೆಗಳಲ್ಲ, ಒಂದೇ ಆರಾಧನೆ. ಗುರುವಾರ ಮಹಿಮಾಗೀತೆಗೆ ಗಂಟೆಗಳು ಮೊಳಗುತ್ತವೆ. ಆಮೇಲೆ ಶನಿವಾರ ರಾತ್ರಿಯವರೆಗೆ ಗಂಟೆಯ ದನಿಯೇ ಇಲ್ಲ. ಪಾದ ತೊಳೆಯುವ ವಿಧಿ, ಪೂಜೆ ಮುಗಿದ ಮೇಲೆ ಪೀಠದ ಬಟ್ಟೆ ತೆಗೆಯುವುದು, ಬೇರೆಡೆಗೆ ಒಯ್ದ ಪರಮಪ್ರಸಾದದ ಮುಂದೆ ರಾತ್ರಿ ಕೂರುವುದು, ಇದಕ್ಕೆಲ್ಲ ಭಾಷೆ ಬೇಕಿಲ್ಲ. ಶುಕ್ರವಾರ ಬಹುಪಾಲು ಕಥೋಲಿಕರು ಅನುಸರಿಸುವ ರೋಮನ್ ವಿಧಿಯ ಯಾವ ಚರ್ಚಿನಲ್ಲೂ ಬಲಿಪೂಜೆ ಇಲ್ಲ. ವಾಚನ, ಶಿಲುಬೆಯ ಆರಾಧನೆ, ಹಿಂದಿನ ದಿನ ಪವಿತ್ರಗೊಳಿಸಿದ ಪ್ರಸಾದದ ಸ್ವೀಕಾರ, ಅಷ್ಟೇ. ಶನಿವಾರದ ಪಾಸ್ಖ ಜಾಗರಣೆ ಕತ್ತಲಾದ ಮೇಲೆಯೇ ಆರಂಭವಾಗಬೇಕು. ಉತ್ತರದ ದೇಶಗಳಲ್ಲಿ ಏಪ್ರಿಲ್‌ನಲ್ಲಿ ಸೂರ್ಯ ತಡವಾಗಿ ಮುಳುಗುವುದರಿಂದ ಪೂಜೆ ಮುಗಿಯುವಾಗ ನಡುರಾತ್ರಿಯಾದರೂ ಆಶ್ಚರ್ಯವಿಲ್ಲ. ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ನೋಡಿಕೊಂಡೇ ಹೋಗಿ. ಹೊಸ ಬೆಂಕಿ, ಪಾಸ್ಖ ದೀಪ, ಪೂರ್ತಿ ಓದಿದರೆ ಒಂಬತ್ತು ವಾಚನಗಳು, ದೊಡ್ಡವರ ಸ್ನಾನದೀಕ್ಷೆ. ವಾಚನಗಳನ್ನು ಕಡಿಮೆ ಮಾಡುವ ಅವಕಾಶವಿದ್ದರೂ ಕೆಂಪು ಸಮುದ್ರ ದಾಟುವ ಭಾಗವನ್ನು ಬಿಡುವಂತಿಲ್ಲ. ಎರಡು ಗಂಟೆ ಮೀರುತ್ತದೆಂದು ಈ ರಾತ್ರಿಯನ್ನು ತಪ್ಪಿಸಿ ಬೆಳಗಿನ ಪೂಜೆಗಷ್ಟೇ ಬರುವವರನ್ನು ಕಂಡರೆ ನನಗೆ ಈಗಲೂ ಚುರುಕ್ ಎನ್ನುತ್ತದೆ.

ಇನ್ನು ಭಾಷೆಯ ವಿಷಯ. ಜಗತ್ತಿನಾದ್ಯಂತ ರೋಮನ್ ವಿಧಿಯ ಪೂಜೆಯಲ್ಲಿ ಭಾನುವಾರದ ವಾಚನಗಳು ಸಾಮಾನ್ಯವಾಗಿ ಒಂದೇ. ಶನಿವಾರ ರಾತ್ರಿಯೇ ಕನ್ನಡ ಬೈಬಲಿನಲ್ಲಿ ಓದಿಕೊಂಡು ಹೋದರೆ, ಜರ್ಮನ್ ಆಗಲಿ ಸ್ಪ್ಯಾನಿಷ್ ಆಗಲಿ, ಶುಭಸಂದೇಶ ಕಿವಿಗೆ ಪರಕೀಯ ಅನ್ನಿಸುವುದಿಲ್ಲ. ವಾಚನಗಳು ಎ, ಬಿ, ಸಿ ಎಂದು ಮೂರು ವರ್ಷದ ಚಕ್ರದಲ್ಲಿ ತಿರುಗುತ್ತವೆ: ಕ್ರಮವಾಗಿ ಮತ್ತಾಯ, ಮಾರ್ಕ, ಲೂಕ. ಯೊವಾನ್ನರದು ಹೆಚ್ಚಾಗಿ ಪಾಸ್ಖ ಕಾಲದಲ್ಲಿ. ಇಸವಿ ಮೂರರಿಂದ ನಿಶ್ಶೇಷವಾಗಿ ಭಾಗವಾದರೆ ಅದು ಸಿ ವರ್ಷ. 2028 ಹಾಗಾಗುತ್ತದೆ; 2027 ಬಿ. ಆದರೆ ಧರ್ಮಸಭೆಯ ವರ್ಷ ಶುರುವಾಗುವುದು ಜನವರಿಯಲ್ಲಲ್ಲ, ಅದರ ಹಿಂದಿನ ಆಗಮನ ಕಾಲದ (ಕ್ರಿಸ್ಮಸ್‌ಗೆ ಮುಂಚಿನ ವಾರಗಳ) ಮೊದಲ ಭಾನುವಾರ, ಅಂದರೆ ನವೆಂಬರ್ 27ರಿಂದ ಡಿಸೆಂಬರ್ 3ರ ನಡುವೆ. ಒಂದು ಸಣ್ಣ ತೊಡಕಿದೆ: ಫ್ರೆಂಚ್ ಪೂಜೆಯಲ್ಲಿ ಅನೇಕ ಕೀರ್ತನೆಗಳ ಸಂಖ್ಯೆ ಒಂದು ಹಿಂದಿರುತ್ತದೆ. "ಪ್ರಭು ನನಗೆ ಕುರಿಗಾಹಿ" ಅಲ್ಲಿ 23 ಅಲ್ಲ, 22. ಪುಸ್ತಕ ತಪ್ಪಿಲ್ಲ, ಅದು ಗ್ರೀಕ್ ಬೈಬಲಿನ ಎಣಿಕೆ.

ಪೂಜೆಗೆ ಹೋಗಲೇಬೇಕಾದ ಕಡ್ಡಾಯ ಹಬ್ಬಗಳಲ್ಲಿ ಮಾತ್ರ ದೇಶದಿಂದ ದೇಶಕ್ಕೆ ವ್ಯತ್ಯಾಸ ಬಹಳ. ಧರ್ಮಸಭೆಯ ಕಾನೂನು ಭಾನುವಾರಗಳಲ್ಲದೆ ಹತ್ತು ಹಬ್ಬಗಳನ್ನು ಹೆಸರಿಸಿದೆ. ಅವುಗಳಲ್ಲಿ ಕೆಲವನ್ನು ಕೈಬಿಡುವ, ಭಾನುವಾರಕ್ಕೆ ಸರಿಸುವ ಅಧಿಕಾರ ಆಯಾ ದೇಶದ ಧರ್ಮಾಧ್ಯಕ್ಷರ ಮಂಡಳಿಗಿದೆ; ಅದಕ್ಕೆ ರೋಮ್‌ನ ಒಪ್ಪಿಗೆ ಬೇಕು. ಪ್ರಭುವಿನ ಸ್ವರ್ಗಾರೋಹಣ ಒಂದು ಕಡೆ ಗುರುವಾರ, ಇನ್ನೊಂದು ಕಡೆ ಭಾನುವಾರ. ಇಂಗ್ಲೆಂಡ್ ಮತ್ತು ವೇಲ್ಸ್ ಅದನ್ನು ಭಾನುವಾರಕ್ಕೆ ಸರಿಸಿ, 2017ರಲ್ಲಿ ಮತ್ತೆ ಗುರುವಾರಕ್ಕೇ ತಂದವು. ನೀವಿರುವ ಧರ್ಮಪ್ರಾಂತ್ಯದ ಪಟ್ಟಿ ನೋಡಿ, ಹಳೆಯ ನೆನಪನ್ನು ನಂಬಬೇಡಿ.

ಉಪವಾಸದಲ್ಲೂ ಹೀಗೆಯೇ. ಪಾಸ್ಖಕ್ಕೆ ಮುಂಚಿನ ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರದಂದು ರೋಮನ್ ವಿಧಿಯವರಿಗೆ ಎಲ್ಲ ಕಡೆಯೂ ಒಂದೇ ನಿಯಮ: 18ರಿಂದ 59 ವಯಸ್ಸು ತುಂಬುವವರೆಗೆ ಉಪವಾಸ, 14 ತುಂಬಿದವರಿಗೆ ಮಾಂಸ ವರ್ಜ್ಯ. ಉಳಿದ ಶುಕ್ರವಾರಗಳಲ್ಲಿ ಮಾಂಸ ಬಿಡಬೇಕೋ, ಬದಲಿಗೆ ಬೇರೆ ತಪಸ್ಸು ಸಾಕೋ ಎಂಬುದನ್ನು ಮಂಡಳಿಗಳು ನಿರ್ಧರಿಸುತ್ತವೆ. ಕಾಯಿಲೆ ಇರುವವರು, ಗರ್ಭಿಣಿಯರು, ಮೈಮುರಿದು ದುಡಿಯುವವರು ಸುಮ್ಮನೆ ಹಟ ಹಿಡಿಯಬೇಡಿ.

ಪಾಳಿ ಕೆಲಸದವರಿಗೆ ಒಂದು ಸಮಾಧಾನ. ಶನಿವಾರ ಸಂಜೆಯ ಪೂಜೆಯೂ ಭಾನುವಾರದ ಕರ್ತವ್ಯಕ್ಕೆ ಸಲ್ಲುತ್ತದೆ, ಅದು ಯಾವ ಕಥೋಲಿಕ ವಿಧಿಯದ್ದಾದರೂ ಸರಿ. ಸಿರೋ ಮಲಬಾರ್, ಮಾರೊನೈಟ್, ಉಕ್ರೇನಿಯನ್ ಗ್ರೀಕ್ ಕಥೋಲಿಕ ಚರ್ಚ್ ಹತ್ತಿರವಿದ್ದರೆ ಅಳುಕದೆ ಹೋಗಿ, ಪರಮಪ್ರಸಾದವನ್ನೂ ಸ್ವೀಕರಿಸಬಹುದು. ಅವರ ಕ್ಯಾಲೆಂಡರ್ ಬೇರೆ ಎಂಬುದು ನೆನಪಿರಲಿ. ಬೈಜಾಂಟೈನ್ ವಿಧಿಯಲ್ಲಿ ತಪಸ್ಸುಕಾಲ ಸೋಮವಾರವೇ ಶುರು, ವಿಭೂತಿ ಬುಧವಾರ ಅಲ್ಲಿಲ್ಲ. ಹೊರಗಿನಿಂದ ಹಾಗೇ ಕಾಣುವ ಆರ್ಥೊಡಾಕ್ಸ್ ಚರ್ಚುಗಳ ವಿಷಯ ಬೇರೆ. ಇದು ಕಥೋಲಿಕ ಚರ್ಚೇ ಎಂದು ಬಾಗಿಲ ಬಳಿ ಒಂದು ಮಾತು ಕೇಳಿಕೊಳ್ಳಿ.

ಪಾಪನಿವೇದನೆಯನ್ನು ಪವಿತ್ರ ವಾರಕ್ಕೆ ಮುಂದೂಡಬೇಡಿ, ಸಾಲು ಉದ್ದ. ಭಾಷೆ ಬಾರದಿದ್ದರೆ ದುಭಾಷಿಯ ಮೂಲಕವೂ ಮಾಡಲು ಕಾನೂನು ಒಪ್ಪುತ್ತದೆ. ಗುಟ್ಟು ಕಾಯುವ ಹೊಣೆ ದುಭಾಷಿಗೂ ಇದೆ. ನನ್ನನ್ನು ಕೇಳಿದರೆ ಹರಕು ಇಂಗ್ಲಿಷೇ ಸಾಕು.

ಪಾಸ್ಖ ಆದ ಮೇಲೆ ಎಲ್ಲರೂ ಹಬ್ಬ ಮುಗಿಯಿತೆಂದುಕೊಳ್ಳುತ್ತಾರೆ. ಪವಿತ್ರಾತ್ಮರ ಆಗಮನದ ಹಬ್ಬದವರೆಗೆ ಅದು 50 ದಿನ ನಡೆಯುತ್ತದೆ, ತಪಸ್ಸುಕಾಲಕ್ಕಿಂತ ಉದ್ದ! ಬಿಳಿ ವಸ್ತ್ರ, ನಲವತ್ತು ದಿನ ನಾಲಿಗೆಗೆ ಬಾರದ ಅಲ್ಲೆಲೂಯ ಮತ್ತೆ ಮತ್ತೆ. ತಪಸ್ಸು ಮಾಡುವಷ್ಟು ಶ್ರದ್ಧೆಯಿಂದ ಸಂತೋಷ ಪಡಲು ನಮಗೇಕೋ ಬರುವುದಿಲ್ಲ. ಮನೆಯ ಪ್ರಾರ್ಥನೆಯಲ್ಲಾದರೂ ಈ ಕಾಲ ಕಾಣಲಿ: ತ್ರಿಕಾಲ ಪ್ರಾರ್ಥನೆಯ ಜಾಗದಲ್ಲಿ ಸ್ವರ್ಗದ ರಾಣಿಯ ಪ್ರಾರ್ಥನೆ, ಜಪಸರದಲ್ಲಿ ಮಹಿಮೆಯ ರಹಸ್ಯಗಳು. ಮಕ್ಕಳ ಜೊತೆ ಪ್ರಾರ್ಥಿಸುವಾಗ ಕನ್ನಡವೇ ಇರಲಿ. ಚರ್ಚಿನ ಭಾಷೆಯನ್ನು ಅವರು ಹೇಗೂ ಕಲಿಯುತ್ತಾರೆ.

ಹಸಿರು ವಸ್ತ್ರದ ಸಾಧಾರಣ ಕಾಲ ವರ್ಷಕ್ಕೆ 33 ಅಥವಾ 34 ವಾರ. ಕಾಗದಪತ್ರದ ಕೆಲಸವನ್ನು ಆಗ ಮುಗಿಸಿಕೊಳ್ಳಿ. ನೀವು ವಾಸಿಸುವ ಜಾಗದ ಧರ್ಮಕೇಂದ್ರದಲ್ಲಿ ಹೆಸರು ಬರೆಸಿ. ಮದುವೆಗೆ ಸಾಮಾನ್ಯವಾಗಿ ಕಳೆದ ಆರು ತಿಂಗಳೊಳಗೆ ಹೊಸದಾಗಿ ಪಡೆದ ಸ್ನಾನದೀಕ್ಷೆಯ ಪತ್ರ ಕೇಳುತ್ತಾರೆ. ದೃಢೀಕರಣ ಸಂಸ್ಕಾರ, ಮದುವೆಗಳನ್ನು ದೀಕ್ಷೆ ಪಡೆದ ಚರ್ಚಿನ ದಾಖಲೆ ಪುಸ್ತಕದಲ್ಲೇ ನಮೂದಿಸುವುದರಿಂದ ಪೆಟ್ಟಿಗೆಯಲ್ಲಿರುವ ಹಳೆಯ ಪ್ರತಿ ಸಾಲದು. ದೀಕ್ಷೆ ಪಡೆದ ಚರ್ಚಿನ ವಿಳಾಸ ಮತ್ತು ದಿನಾಂಕವನ್ನು ಬರೆದಿಟ್ಟುಕೊಳ್ಳಿ. ಆ ಪತ್ರ ಬರಲು ವಾರಗಟ್ಟಲೆ ಹಿಡಿಯಬಹುದು, ಆದ್ದರಿಂದ ಮದುವೆಯ ದಿನ ಗೊತ್ತುಮಾಡುವ ಮೊದಲೇ ಅರ್ಜಿ ಹಾಕಿ.