ಪ್ರಶ್ನಾವಳಿ ಹಿಡಿದು ಮಂಡಿಪೇಟೆಗೆ ಹೋಗುವ ಮುನ್ನ

ಮಾರ್ಕೆಟಿಂಗ್ ಪ್ರಾಧ್ಯಾಪಕರಾಗುವ ದಾರಿ ಕಾಗದದ ಮೇಲೆ ನೇರವಾಗಿದೆ: ಎಂಬಿಎ ಅಥವಾ ಎಂಕಾಂ, ನೆಟ್ (ಅಧ್ಯಾಪಕ ಹುದ್ದೆಯ ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಇಲ್ಲವೇ ಕೆ-ಸೆಟ್ (ಕರ್ನಾಟಕದ ಅಂಥದೇ ಪರೀಕ್ಷೆ), ಪಿಎಚ್‌ಡಿ. ನೆಟ್‌ನಲ್ಲಿ 3 ಗಂಟೆಗೆ 150 ಪ್ರಶ್ನೆ, 300 ಅಂಕ. ತಪ್ಪುತ್ತರಕ್ಕೆ ಅಂಕ ಕಳೆಯುವುದಿಲ್ಲ, ಒಂದನ್ನೂ ಖಾಲಿ ಬಿಡಬೇಡಿ. ಬಹಳ ಜನ ಮುಗ್ಗರಿಸುವುದು ಪಿಎಚ್‌ಡಿಯ ಕ್ಷೇತ್ರಕಾರ್ಯದಲ್ಲಿ. ಅದನ್ನು ದಾವಣಗೆರೆ ಮಂಡಿಪೇಟೆಯ ಕಿರಾಣಿ ಅಂಗಡಿಗಳಲ್ಲಿ ನಾನು ಮಾಡುವ, ವಿದ್ಯಾರ್ಥಿಗಳಿಂದ ಮಾಡಿಸುವ ಕ್ರಮ ಹೀಗಿದೆ.

ಪಠ್ಯದ ಪ್ರಶ್ನೆಗಳನ್ನು ಹಾಗೇ ಕನ್ನಡಕ್ಕೆ ಇಳಿಸಿದರೆ ಕೆಲಸ ಕೆಡುತ್ತದೆ. ‘ಈ ಬ್ರ್ಯಾಂಡಿಗೆ ನಾನು ನಿಷ್ಠ’ ಎಂಬುದಕ್ಕೆ ಐದರಲ್ಲಿ ಎಷ್ಟು ಅಂಕ ಎಂದು ಕೇಳಿದರೆ, ‘ನೀವೇ ಹಾಕ್ಕೊಳ್ರಿ ಸರ್’ ಅಂತಾರೆ. ನಡವಳಿಕೆ ಕೇಳಬೇಕು: ನಿಮ್ಮ ಸೋಪು ಇಲ್ಲಿಲ್ಲದಿದ್ದರೆ ಬೇರೆಯದು ಒಯ್ತೀರೋ, ಪಕ್ಕದ ಅಂಗಡಿಗೆ ಹೋಗ್ತೀರೋ, ನಾಳೆ ಬರ್ತೀರೋ? ಅಂಕ ಬೇಕೇಬೇಕೆಂದರೆ ಎರಡು ಹಂತ ಮಾಡಿ. ಮೊದಲು ಒಪ್ತೀರೋ ಇಲ್ಲವೋ. ಆಮೇಲೆ ಪೂರ್ತಿಯೋ, ಸ್ವಲ್ಪವೋ. ‘ಬೆಲೆ ಮತ್ತು ಗುಣಮಟ್ಟ ಚೆನ್ನಾಗಿದೆ’ ಎಂದು ಎರಡನ್ನು ಒಂದೇ ವಾಕ್ಯಕ್ಕೆ ಕಟ್ಟಬೇಡಿ. ಎಲ್ಲಕ್ಕೂ ತಲೆಯಾಡಿಸುವವರನ್ನು ಹಿಡಿಯಲು ನಾಲ್ಕೈದು ಪ್ರಶ್ನೆಗಳು ತಿರುವುಮುರುವಾಗಿರಲಿ, ಅಂದರೆ ಉಲ್ಟಾ ಅರ್ಥ ಕೊಡುವಂತಿರಲಿ.

ಆದಾಯ ಯಾರೂ ಹೇಳುವುದಿಲ್ಲ. ರೇಷನ್ ಕಾರ್ಡ್ ಯಾವುದು, ಮನೆಯಲ್ಲಿ ಯಾವ ಗಾಡಿ ಎಂದು ಕೊನೆಯಲ್ಲಿ ಕೇಳಿ. ಉದ್ರಿಯ ಪ್ರಶ್ನೆಯನ್ನಂತೂ ಬಿಡಲೇಬೇಡಿ. ಮಾರ್ಕೆಟಿಂಗ್ ಪಂಡಿತ ಮೆಕಾರ್ಥಿ 1960ರಲ್ಲಿ ಕೊಟ್ಟ ನಾಲ್ಕು ‘ಪಿ’ಗಳಲ್ಲಿ (ಸರಕು, ಬೆಲೆ, ಸ್ಥಳ, ಪ್ರಚಾರ) ಬೆಲೆ ಇದೆ, ಆದರೆ ಇಲ್ಲಿನ ಗಿರಾಕಿ ಎಷ್ಟೋ ಸಲ ಅಂಗಡಿ ಆರಿಸುವುದು ಬೆಲೆ ನೋಡಿಯಲ್ಲ, ಬರೆದಿಟ್ಟುಕೊಳ್ಳುವ ಮಾಲೀಕರನ್ನು ನೋಡಿ.

ಮೊದಲು 30 ಜನರ ಮೇಲೆ ಪರೀಕ್ಷಿಸಿ. ಕ್ರೋನ್‌ಬ್ಯಾಕ್ ಆಲ್ಫಾ (ಒಂದೇ ವಿಷಯದ ಪ್ರಶ್ನೆಗಳ ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬ ಅಳತೆ) 0.7ಕ್ಕಿಂತ ಕೆಳಗಿಳಿದರೆ ಪ್ರಶ್ನೆ ಕಿತ್ತುಹಾಕುವ ಮುಂಚೆ ತಿರುವು ಪ್ರಶ್ನೆಗಳ ಅಂಕ ತಿರುಗಿಸಿದ್ದೀರಾ ನೋಡಿ (1 ಇದ್ದದ್ದು 5 ಆಗಬೇಕು). ಅರ್ಧ ಸಲ ರೋಗ ಅದೇ.

ಎಲ್ಲ ಪ್ರಬಂಧಗಳಲ್ಲೂ ಮಂತ್ರದಂತೆ ಬರುವ 384 ಎಂಬ ಸಂಖ್ಯೆ, ಅಂದರೆ ಎಷ್ಟು ಜನರನ್ನು ಕೇಳಬೇಕೆಂಬ ಲೆಕ್ಕ, 95% ವಿಶ್ವಾಸ, 5% ದೋಷ ಹಿಡಿದು ಬರುವಂಥದ್ದು, ಅದೂ ಯಾದೃಚ್ಛಿಕ (ಚೀಟಿ ಎತ್ತಿದಂಥ) ಆಯ್ಕೆಯಾಗಿದ್ದರೆ ಮಾತ್ರ. ಎದುರಿಗೆ ಸಿಕ್ಕವರನ್ನೆಲ್ಲ ಕೇಳಿ 384 ಎಂದು ಬರೆದರೆ ಮೌಖಿಕ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತೀರಿ. ಅಂಗಡಿಗಳ ಪಟ್ಟಿ ಮಾಡಿ, ಚೀಟಿ ಎತ್ತಿ ಆರಿಸಿ, ಹೊರಬರುವ ಪ್ರತಿ ಐದನೇ ಗಿರಾಕಿಯನ್ನು ಕೇಳಿ. ಅರೆಬರೆ ತುಂಬಿದವು ಹೋಗುತ್ತವೆ, ಹಾಗಾಗಿ 440 ಪ್ರತಿ ಒಯ್ಯಿರಿ.

ಸಂಜೆ ವ್ಯಾಪಾರದ ಹೊತ್ತಿನಲ್ಲಿ ಹೋದರೆ ಮಾಲೀಕರೇ ಎಬ್ಬಿಸಿ ಕಳಿಸುತ್ತಾರೆ. ಬೆಳಗ್ಗೆ 11ರ ನಂತರ ವಾಸಿ. ಮೆಕ್ಕೆಜೋಳದ ದುಡ್ಡು ಕೈಗೆ ಬಂದ ತಿಂಗಳಲ್ಲಿ ಹಳ್ಳಿಯ ಗಿರಾಕಿಯ ಖರೀದಿಯೇ ಬೇರೆ. ಸುಗ್ಗಿಗೊಮ್ಮೆ, ಬಿತ್ತನೆ ಕಾಲಕ್ಕೊಮ್ಮೆ ಎರಡು ಸುತ್ತು ಮಾಡಿ, ಪ್ರತಿ ಹಾಳೆಯ ಮೇಲೂ ತಾರೀಖು ಹಾಕಿ. ಸಾಲಾಗಿ ಬರೀ 4 ಬಿದ್ದ ಹಾಳೆಗಳು ಕಂಡರೆ ಅವು ಪ್ರಶ್ನೆ ಕೇಳಲು ಹೋದವರೇ ಕ್ಯಾಂಟೀನಿನಲ್ಲಿ ಕೂತು ತುಂಬಿದವು. ಪ್ರತಿ ಹತ್ತರಲ್ಲೊಬ್ಬರಿಗೆ ಫೋನ್ ಮಾಡಿ ಎರಡು ಪ್ರಶ್ನೆ ಮತ್ತೆ ಕೇಳಿ ತಾಳೆ ನೋಡಿ.