ಹಗ್ಗ ಹರಿದಿರಲಿಲ್ಲ

ನಾನು ಕಂಪ್ಲಿಯವನು. ತುಂಗಭದ್ರೆಯಲ್ಲಿ ಮೀನು ಹಿಡಿಯುವುದು ನಮ್ಮ ಮನೆತನದ ಕಸುಬು. ಅಪ್ಪ ಕೊನೆವರೆಗೂ ಪುಟ್ಟಿಯಲ್ಲೇ, ಅಂದರೆ ಹರಿಗೋಲಿನಲ್ಲೇ, ಬಲೆ ಬಿಟ್ಟರು. ನಾನು ಬ್ಯಾಂಕ್ ಸಾಲ ಮಾಡಿ ಫೈಬರ್ ದೋಣಿ ಮತ್ತು ಸಣ್ಣ ಎಂಜಿನ್ ತಗೊಂಡೆ. ಸಾಲದ ಜೊತೆ ವಿಮೆಯನ್ನೂ ಬ್ಯಾಂಕಿನವರೇ ಮಾಡಿಸಿದರು. ದೋಣಿ, ಎಂಜಿನ್ ಎರಡಕ್ಕೂ ಸೇರಿ 1,80,000 ರೂಪಾಯಿಯ ವಿಮೆ.

2024ರ ಆಗಸ್ಟ್ 10, ಶನಿವಾರ ರಾತ್ರಿ ಡ್ಯಾಮಿನ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ಒತ್ತಡ ಇಳಿಸಲು ಉಳಿದ ಗೇಟುಗಳಿಂದಲೂ ನೀರು ಬಿಟ್ಟರು. ಹೊಳೆ ಕಡೆ ಯಾರೂ ಹೋಗಬೇಡಿ ಅಂತ ಮೈಕಿನಲ್ಲಿ ಕೂಗಿದರು. ನನ್ನ ದೋಣಿ ದಡದ ಹೊಂಗೆ ಮರಕ್ಕೆ ಎರಡು ಹಗ್ಗದಲ್ಲಿ ಕಟ್ಟಿತ್ತು. ಭಾನುವಾರ ಬೆಳಿಗ್ಗೆ ದೂರದಿಂದ ನೋಡಿದೆ. ಅರ್ಧ ಮುಳುಗಿದ ಮರ ಕಾಣಿಸಿತು, ದೋಣಿ ಇರಲಿಲ್ಲ.

ಮಂಗಳವಾರ ಕೆಳಗಿನ ಊರಿನ ನೆಂಟರು ಫೋನ್ ಮಾಡಿದರು. ಬಂಡೆಗಳ ನಡುವೆ ಒಂದು ದೋಣಿ ಸಿಕ್ಕಿಕೊಂಡಿದೆ, ನಿಂದೇ ಇರಬೇಕು ನೋಡು ಅಂದರು. ನಂದೇ. ಎರಡು ಹೋಳಾಗಿತ್ತು. ಬುಧವಾರ ಬ್ಯಾಂಕಿಗೆ ಹೋಗಿ ಪಾಲಿಸಿ ನಂಬರ್ ಬರೆದುಕೊಂಡು ವಿಮಾ ಕಂಪನಿಗೆ ಹೇಳಿದೆ. ಅಲ್ಲಿವರೆಗೆ ಪಾಲಿಸಿಯ ಕಾಗದವನ್ನೇ ನಾನು ನೋಡಿರಲಿಲ್ಲ.

ನೀರು ಇಳಿದ ಮೇಲೆ ನಷ್ಟ ನೋಡಲು ವಿಮಾ ಕಂಪನಿಯ ಕಡೆಯಿಂದ ಸರ್ವೇಯರ್ ಬಂದರು. ಒಳ್ಳೆಯ ಮನುಷ್ಯ, ಕೆಸರಲ್ಲಿ ಇಳಿದು ಎಲ್ಲ ನೋಡಿದರು. ಹೊಂಗೆ ಮರದಲ್ಲಿ ನನ್ನ ಎರಡೂ ಹಗ್ಗ ಹಾಗೇ ಇದ್ದವು. ಒಂದರ ತುದಿಯಲ್ಲಿ ದೋಣಿಯ ಕಬ್ಬಿಣದ ಕಡಿ, ಅಂದರೆ ಹಗ್ಗ ಕಟ್ಟುವ ಬಳೆ, ನೇತಾಡುತ್ತಿತ್ತು, ಸುತ್ತ ಅಂಗೈಯಷ್ಟು ಫೈಬರ್ ಸಮೇತ. ಅಂದರೆ ಹಗ್ಗ ಹರಿದಿರಲಿಲ್ಲ. ನೀರಿನ ಸೆಳೆತಕ್ಕೆ ಕಡಿಯೇ ಕಿತ್ತುಬಂದಿತ್ತು. ಅವರು ಫೋಟೊ ತೆಗೆದರು, ನಾನೂ ತೆಗೆದೆ. ಆಮೇಲೆ ಹಗ್ಗ, ಕಡಿ ಎರಡನ್ನೂ ಚೀಲಕ್ಕೆ ಹಾಕಿ ಮನೆಯ ಅಟ್ಟದ ಮೇಲಿಟ್ಟೆ.

ಅಕ್ಟೋಬರ್‌ನಲ್ಲಿ ಕ್ಲೈಮ್ ತಿರಸ್ಕರಿಸಿದ ಪತ್ರ ಬಂತು. ಎರಡು ಕಾರಣ ಕೊಟ್ಟಿದ್ದರು. 48 ಗಂಟೆಯೊಳಗೆ ತಿಳಿಸಿಲ್ಲ ಅನ್ನುವುದು ಒಂದು. ಸವೆದ ಹಗ್ಗದಲ್ಲಿ ಕಟ್ಟಿದ್ದರಿಂದ ನಷ್ಟ ಆಗಿದೆ, ಸವೆತಕ್ಕೆ ವಿಮೆ ಇಲ್ಲ ಅನ್ನುವುದು ಇನ್ನೊಂದು. ಅವ್ವ ಪತ್ರ ಓದಿಸಿಕೊಂಡು ಸುಮ್ಮನೆ ಕೂತುಬಿಟ್ಟರು. ನಮ್ಮ ಮಾವ ಮಾತ್ರ, "ಕಂಪನಿ ಜೊತಿ ಜಗಳ ನಮಗಾಗೋದಲ್ಲ, ಬಿಟ್ಟುಬಿಡು ತಮ್ಮಾ" ಅಂದರು. ನನಗೆ ಬಿಡಲಾಗಲಿಲ್ಲ. ದುಡ್ಡು ಒಂದು ಕಡೆ ಇರಲಿ, ಹಗ್ಗ ಸವೆದಿತ್ತು ಅನ್ನುವ ಮಾತು ಸುಳ್ಳು. ಹೊಳೆಯಲ್ಲಿ ಬದುಕುವವನು ಸವೆದ ಹಗ್ಗಕ್ಕೆ ದೋಣಿ ಕಟ್ಟುತ್ತಾನಾ?

ಮೊದಲು ಮಾಡಿದ ಕೆಲಸ, ಸರ್ವೇಯರ್ ವರದಿ ಕೇಳಿದ್ದು. ಫೋನಿನಲ್ಲಿ ಕೇಳಿದರೆ ಇವತ್ತು ನಾಳೆ ಅನ್ನುತ್ತಿದ್ದರು. ಮೇಲ್ ಹಾಕಿ, ರಿಜಿಸ್ಟರ್ಡ್ ಪೋಸ್ಟಲ್ಲೂ ಕಳಿಸಿದ ಮೇಲೆ ಪ್ರತಿ ಬಂತು. ಅದರಲ್ಲಿ ಸರ್ವೇಯರ್ ಸರಿಯಾಗೇ ಬರೆದಿದ್ದರು: ಪ್ರವಾಹದ ರಭಸಕ್ಕೆ ಕಡಿ ಕಿತ್ತುಬಂದಿದೆ. ಹಗ್ಗ ಹಳೆಯದು ಅಂತ ಇನ್ನೊಂದು ಸಾಲಿನಲ್ಲಿತ್ತು, ಅಷ್ಟೇ. ಕಂಪನಿ ಆ ಒಂದು ಪದವನ್ನು ಹಿಡಿದುಕೊಂಡು ಮುಖ್ಯ ಸಾಲನ್ನು ಬಿಟ್ಟಿತ್ತು. ಅವರ ಪತ್ರ ಓದುತ್ತಾ ಕೂತಿದ್ದರೆ ಇದು ನನಗೆ ಗೊತ್ತೇ ಆಗುತ್ತಿರಲಿಲ್ಲ.

ತಡವಾಯಿತು ಅನ್ನುವ ಮಾತಿಗೂ ಉತ್ತರ ಸಿಕ್ಕಿತು. ಸಕಾರಣದಿಂದ ತಡವಾಗಿದ್ದರೆ ಅದೊಂದನ್ನೇ ಹಿಡಿದು ನಿಜವಾದ ಕ್ಲೈಮ್ ತಳ್ಳಿಹಾಕಬಾರದು ಅಂತ ವಿಮಾ ನಿಯಂತ್ರಣ ಪ್ರಾಧಿಕಾರ 2011ರ ಸೆಪ್ಟೆಂಬರ್‌ನಲ್ಲೇ ಎಲ್ಲ ಕಂಪನಿಗಳಿಗೆ ಸುತ್ತೋಲೆ ಕಳಿಸಿದೆ. ಷರತ್ತನ್ನು ಗ್ರಾಹಕನಿಗೆ ತಿಳಿಸದೆ ಆಮೇಲೆ ಅದನ್ನೇ ಮುಂದಿಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2000ದಲ್ಲಿ ಮಾಡರ್ನ್ ಇನ್ಸುಲೇಟರ್ಸ್ ಪ್ರಕರಣದಲ್ಲಿ ಹೇಳಿದೆ. ಇವೆರಡನ್ನೂ ಹುಡುಕಿಕೊಟ್ಟವಳು ಕಾನೂನು ಓದುತ್ತಿರುವ ನನ್ನ ತಂಗಿ.

ಕಂಪನಿಯ ದೂರು ಅಧಿಕಾರಿಗೆ ಎರಡು ಪುಟದ ಪತ್ರ ಬರೆದೆ. ಎಡಗಡೆ ಅವರ ಕಾರಣ, ಬಲಗಡೆ ನನ್ನ ಉತ್ತರ, ಪ್ರತಿ ಉತ್ತರದ ಕೆಳಗೆ ಯಾವ ಕಾಗದ ನೋಡಬೇಕು ಅಂತ. ಗೇಟು ಹೋದ ಸುದ್ದಿಯ ಪತ್ರಿಕೆ ತುಣುಕು, ತಾರೀಖು ಇರುವ ಫೋಟೊಗಳು, ಕಂದಾಯ ಇಲಾಖೆಯವರು ಮಾಡಿದ ಪಂಚನಾಮೆ, ಅಕ್ಕಪಕ್ಕದ ಮೂವರು ಮೀನುಗಾರರ ಹೇಳಿಕೆ. ಬೈಗುಳ ಇಲ್ಲ, ಗೋಳೂ ಇಲ್ಲ. ಬರೆಯುವಾಗ ಸಿಟ್ಟು ಬರುತ್ತಿತ್ತು, ಆ ಸಾಲುಗಳನ್ನೆಲ್ಲ ತಂಗಿ ಹೊಡೆದು ಹಾಕಿದಳು.

ಒಂದು ತಿಂಗಳಾದರೂ ಉತ್ತರ ಬರಲಿಲ್ಲ. ಆಮೇಲೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ದೂರು ಕೊಟ್ಟೆ. ವಿಮಾ ಕಂಪನಿಗಳ ಮೇಲಿನ ದೂರು ಕೇಳಿ ತೀರ್ಮಾನ ಕೊಡುವವರು ಅವರು. ಇದಕ್ಕೆ ಶುಲ್ಕ ಇಲ್ಲ, ವಕೀಲರೂ ಬೇಡ. ಕಂಪನಿಗೆ ಬರೆದು ಒಂದು ತಿಂಗಳು ಕಾದಿರಬೇಕು, ತಿರಸ್ಕಾರವಾಗಿ ಒಂದು ವರ್ಷದೊಳಗೆ ಹೋಗಬೇಕು. ಇದೇ ವಿಷಯ ಕೋರ್ಟಿನಲ್ಲೋ ಗ್ರಾಹಕರ ಆಯೋಗದಲ್ಲೋ ಇದ್ದರೆ ಅವರು ತಗೊಳ್ಳುವುದಿಲ್ಲ. ಅಲ್ಲಿ ಆಗದಿದ್ದರೆ ಬಳ್ಳಾರಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗೋಣ ಅಂತ ಇದ್ದೆ. ಅಲ್ಲಿ ಎರಡು ವರ್ಷ ಸಮಯ ಇರುತ್ತದೆ, 5 ಲಕ್ಷದವರೆಗೆ ಶುಲ್ಕ ಇಲ್ಲ.

ಮಾರ್ಚ್‌ನಲ್ಲಿ ವಿಡಿಯೊ ಕಾಲ್‌ನಲ್ಲಿ ವಿಚಾರಣೆ ನಡೆಯಿತು. ಕಂಪನಿಯವರು ಮತ್ತೆ ಹಗ್ಗದ ಮಾತೇ ಎತ್ತಿದರು. ನಾನು ಎದ್ದು ಹೋಗಿ ಅಟ್ಟದಿಂದ ಚೀಲ ಇಳಿಸಿದೆ. ಹಗ್ಗ ಮತ್ತು ಅದರ ತುದಿಯ ಕಡಿಯನ್ನು ಫೋನಿನ ಮುಂದೆ ಹಿಡಿದೆ. "ಸಾರ್, ಇದು ಹರಿದಿದೆಯಾ ನೀವೇ ನೋಡಿ" ಅಂದೆ. ಕೈ ನಡುಗುತ್ತಿತ್ತು. ಸರ್ವೇಯರ್ ವರದಿಯ ಆ ಸಾಲನ್ನು ಓದಿ ಅಂತ ಒಂಬುಡ್ಸ್‌ಮನ್ ಕಂಪನಿಯವರಿಗೇ ಹೇಳಿದರು. ಅವರು ಓದಿದರು.

ಏಪ್ರಿಲ್‌ನಲ್ಲಿ ಆದೇಶ ಬಂತು. ಬಳಸಿದ್ದಕ್ಕೆ ಇಳಿದ ಬೆಲೆ, ಉಳಿದ ಎಂಜಿನ್ ಬೆಲೆ, ಪಾಲಿಸಿ ಪ್ರಕಾರ ನಾನೇ ಹೊರಬೇಕಾದ ಪಾಲು ಎಲ್ಲ ಕಳೆದು 1,26,000 ರೂಪಾಯಿ. ಒಂಬುಡ್ಸ್‌ಮನ್ ಆದೇಶವನ್ನು ಕಂಪನಿ 30 ದಿನದಲ್ಲಿ ಪಾಲಿಸಬೇಕು, ಪಾಲಿಸಿತು. ಸಾಲದ ಬಾಕಿ ಬ್ಯಾಂಕು ಮುರಿದುಕೊಂಡು ನನಗೆ 43,000 ಉಳಿಯಿತು. ಅದರಲ್ಲಿ ಎಂಜಿನ್ ರಿಪೇರಿ ಮಾಡಿಸಿ, ಸದ್ಯ ಮಾವನ ದೋಣಿಗೆ ಕೂರಿಸಿಕೊಂಡು ಹೊಳೆಗೆ ಇಳಿಯುತ್ತಿದ್ದೇನೆ.